ಮನೆಮಾತು, ಶಾಲೆಮಾತು, ತೆರೆಮಾತು: ಸಿನಿಮಾಗಳಲ್ಲಿ ಕಾಣುವ ಕಾಸರಗೋಡು

(ಗಡಿಯಾಚೆಯ ಕನ್ನಡ ಸಮುದಾಯಗಳ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಉಂಟಲ್ಲ? ಸರಿ, ಶುರು ಮಾಡ್ತೇನೆ.

ನನಗಿಂತ ಮೊದಲು ಮಾತಾಡಿದವರು ಶಾಸನ, ಜನಪದ, ಗಡಿ ಹೋರಾಟದ ಕಾವ್ಯ ಇವುಗಳ ಬಗ್ಗೆ ಹೇಳಿದರು. ನಾನು ಆರಿಸಿಕೊಂಡದ್ದು ಸಿನಿಮಾ ಮತ್ತು ಸ್ವಲ್ಪ ಧಾರಾವಾಹಿ. ಇತ್ತೀಚಿನ ಕೆಲವು ವರ್ಷಗಳಲ್ಲಿ ನಾನು ನೋಡಿದ, ಕೆಲವನ್ನು ಈ ಗೋಷ್ಠಿಗಾಗಿಯೇ ಮತ್ತೊಮ್ಮೆ ನೋಡಿದ ಐದಾರು ಚಿತ್ರಗಳ ಬಗ್ಗೆ ಒಬ್ಬ ಪ್ರೇಕ್ಷಕನ ಅಭಿಪ್ರಾಯ ಇದು. ಎಲ್ಲ ಚಿತ್ರಗಳಿಗೂ ನಾನು ಕೇಳಿದ ಪ್ರಶ್ನೆ ಒಂದೇ: ಇಲ್ಲಿ ಯಾರು ಯಾವ ಭಾಷೆ ಮಾತಾಡ್ತಾರೆ, ಮತ್ತು ಅದನ್ನು ನೋಡಿ ನಾವು ಯಾಕೆ ನಗ್ತೇವೆ?

ಈ ಪ್ರಶ್ನೆ ಹಿಡಿದುಕೊಂಡು ಹೋದಾಗ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡ್ತೇನೆ. ಕಾಸರಗೋಡಿನ ಕನ್ನಡವನ್ನು ನಮ್ಮ ಸಿನಿಮಾ 'ಮಾತೃಭಾಷೆ' ಎಂಬ ಒಂದೇ ಪದದಲ್ಲಿ ಸಮರ್ಥಿಸಿಕೊಳ್ಳುತ್ತದೆ. ನಮ್ಮ ಭಾಷಣಗಳೂ ಹಾಗೆಯೇ, ನಮ್ಮ ಸಂಶೋಧನಾ ಲೇಖನಗಳೂ ಬಹುಪಾಲು ಹಾಗೆಯೇ. ಆದರೆ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಹೋಗುವ ಎಷ್ಟೋ ಮಕ್ಕಳಿಗೆ ಕನ್ನಡ ತಾಯಿ ಕಲಿಸಿದ ಭಾಷೆಯಲ್ಲ. ಅದು ಶಾಲೆ, ಆಟ, ಪತ್ರಿಕೆ, ಯಕ್ಷಗಾನ ಕಲಿಸಿದ ಭಾಷೆ. ಈ ವ್ಯತ್ಯಾಸವನ್ನು ಕಾಣದ ಸಿನಿಮಾ ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ ನಮ್ಮ ಊರಿನ ಅರ್ಧವನ್ನೇ ತೋರಿಸ್ತದೆ.

ಬೇರೆ ಕಡೆಯಿಂದ ಸೇರಿಕೊಂಡವರಿಗಾಗಿ ಎರಡು ಮಾತು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಹೇಳಿತು, ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಉಂಟು. 'ಸಪ್ತಭಾಷಾ ಸಂಗಮಭೂಮಿ' ಅಂತ ನಮ್ಮಲ್ಲಿ ಯಾವ ಸಭೆಯ ಸ್ವಾಗತ ಭಾಷಣವಾದರೂ ಶುರುವಾಗ್ತದೆ. ಸಿನಿಮಾಕ್ಕೆ ಬರುವಾಗ ಮಾತ್ರ ಏಳರಲ್ಲಿ ಎರಡೇ ಉಳೀತವೆ, ಆ ಎರಡೂ ಜಗಳಕ್ಕೆ ನಿಂತಿರ್ತವೆ.

ಫಲಕದಲ್ಲಿದ್ದ ಹೆಸರು

2018ರಲ್ಲಿ ಬಂದ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ನೀವೆಲ್ಲ ನೋಡಿರುವ ಚಿತ್ರ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅದು ನಮಗೆ ಕೊಟ್ಟದ್ದು ದೊಡ್ಡದು. ಬೆಂಗಳೂರಿನ ಪ್ರೇಕ್ಷಕ ಕಾಸರಗೋಡು ಅಂದರೆ ಎಲ್ಲಿ ಅಂತ ಕೇಳುವುದನ್ನು ಸ್ವಲ್ಪವಾದರೂ ಕಡಿಮೆ ಮಾಡಿದ್ದು ಯಾವ ನಿರ್ಣಯವೂ ಅಲ್ಲ, ಯಾವ ಸಮ್ಮೇಳನವೂ ಅಲ್ಲ, ಆ ಮಕ್ಕಳು. ಪ್ರವೀಣ, ಪಲ್ಲವಿ, ಮಮ್ಮುಟ್ಟಿ, ಅವರ ಜಗಳ, ಅವರ ಪ್ರೀತಿ, ಅವರ ಕನ್ನಡದ ಎಳೆದಾಟ ಎಲ್ಲ ನಮ್ಮದೇ. ಶಾಲೆ ಅಂದರೆ ಪಾಠಕ್ಕಿಂತ ಹೆಚ್ಚು ಗೆಳೆತನದ ಜಾಗ ಅಂತ ಆ ಚಿತ್ರಕ್ಕೆ ಗೊತ್ತುಂಟು. ಮೊದಲರ್ಧವನ್ನು ನಾನು ಈಗಲೂ ನಗುತ್ತಲೇ ನೋಡ್ತೇನೆ.

ಕಥೆಯ ತಿರುವು ಗಣಿತದ ಮಾಷ್ಟ್ರಿಂದ. ಮಲಯಾಳ ಮಾತ್ರ ಬಲ್ಲ ಒಬ್ಬರು ಕನ್ನಡ ಮಕ್ಕಳಿಗೆ ಗಣಿತ ಕಲಿಸಲು ಬರ್ತಾರೆ. ಮಕ್ಕಳಿಗೆ ಅರ್ಥ ಆಗುವುದಿಲ್ಲ, ವಿರೋಧ ಆಗ್ತದೆ, ಅಧಿಕಾರಿ ಶಾಲೆಯನ್ನೇ ಮುಚ್ಚಿಸುವ ಹಂತಕ್ಕೆ ಹೋಗ್ತಾನೆ. ಮಕ್ಕಳು ಮೈಸೂರಿಗೆ ಹೋಗಿ ಅನಂತ ನಾಗ್ ಅವರ ಪಾತ್ರವನ್ನು ಕರೆದುಕೊಂಡು ಬರ್ತಾರೆ. ಕೊನೆಗೆ ನ್ಯಾಯಾಲಯದಲ್ಲಿ ಅವರ ದೀರ್ಘ ವಾದ, ಗೆಲುವು.

ಕನ್ನಡ ಗೊತ್ತಿಲ್ಲದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬರುವುದು ಕಾಸರಗೋಡಿನಲ್ಲಿ ಕಲ್ಪನೆಯಲ್ಲ, ಅದಕ್ಕಾಗಿ ಹೆತ್ತವರು, ಮಕ್ಕಳು ಪ್ರತಿಭಟನೆ ಮಾಡಿದ್ದಾರೆ. ಹಾಗಾಗಿ ಚಿತ್ರ ಆರಿಸಿಕೊಂಡ ಸಮಸ್ಯೆ ನಿಜ. ನನ್ನ ತಕರಾರು ಅದನ್ನು ತೋರಿಸಿದ ರೀತಿಯ ಬಗ್ಗೆ. ಆ ಮಾಷ್ಟ್ರನ್ನು ಅಲ್ಲಿಗೆ ಕಳಿಸಿದ್ದು ಒಂದು ನೇಮಕಾತಿ ಪದ್ಧತಿ, ಒಂದು ಪಟ್ಟಿ, ಒಂದು ಸಹಿ. ತೆರೆಯ ಮೇಲೆ ಆ ಪದ್ಧತಿಗೆ ಮುಖ ಇಲ್ಲ, ಮಾಷ್ಟ್ರಿಗೆ ಮಾತ್ರ ಮುಖ ಉಂಟು. ಆದ್ದರಿಂದ ನಮ್ಮ ನಗು ಪದ್ಧತಿಯ ಕಡೆಗೆ ಹೋಗದೆ ಅವರ ಉಚ್ಚಾರದ ಕಡೆಗೆ ಹೋಗ್ತದೆ. ಭಾಷೆ ಗೊತ್ತಿಲ್ಲದ ತರಗತಿಯಲ್ಲಿ ನಿಂತ ಅಧ್ಯಾಪಕನ ಕಷ್ಟವೂ ಒಂದು ಕಷ್ಟವೇ. ಅದನ್ನು ಒಂದು ನಿಮಿಷ ತೋರಿಸಿದ್ದರೆ ಆ ಆದೇಶ ಎಷ್ಟು ಅನ್ಯಾಯದ್ದು ಅನ್ನುವುದು ಇನ್ನೂ ಗಟ್ಟಿಯಾಗಿ ತಿಳೀತಿತ್ತು. ಮಕ್ಕಳಿಗೂ ಅನ್ಯಾಯ, ಕಲಿಸುವವನಿಗೂ ಅನ್ಯಾಯ.

ಈ ನಗು ಬೆಂಗಳೂರಿನ ಚಿತ್ರಮಂದಿರದಲ್ಲಿ ಸುಲಭ. ಕಾಸರಗೋಡಿನಲ್ಲಿ ಅಷ್ಟು ಸುಲಭ ಅಲ್ಲ, ಯಾಕಂದ್ರೆ ಪಕ್ಕದ ಕುರ್ಚಿಯಲ್ಲಿ ಕೂತವನ ಮನೆಮಾತು ಮಲಯಾಳ ಇರಬಹುದು, ಅವನು ಓದಿದ್ದು ಕನ್ನಡ ಮಾಧ್ಯಮದಲ್ಲೇ ಇರಬಹುದು. ನನ್ನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ತೆಗೀತಿದ್ದವಳ ಮನೆಯಲ್ಲಿ ಬ್ಯಾರಿ. ನಮ್ಮ ಮನೆಯಲ್ಲಿ ತುಳು. ನಮ್ಮ ಬೆಂಚಿನಲ್ಲಿ ಮನೆಯಲ್ಲೂ ಕನ್ನಡ ಮಾತಾಡ್ತಿದ್ದವನು ಒಬ್ಬನೇ, ಅವನದ್ದು ಹವ್ಯಕ ಕನ್ನಡ. ಅವನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ ನಮಗೆ ಅರ್ಧ ತಿಳೀತಿರಲಿಲ್ಲ.

ಈಗ ಚಿತ್ರದ ಹೆಸರನ್ನೇ ಇನ್ನೊಮ್ಮೆ ಓದಿ. ಕೊಡುಗೆ: ರಾಮಣ್ಣ ರೈ. ನಮ್ಮ ಕಡೆಯ ಹಳೆಯ ಶಾಲೆಗಳ ಫಲಕದಲ್ಲಿ ಹೀಗೆ ದಾನಿಯ ಹೆಸರು ಇರ್ತದೆ. 'ರೈ' ಅಂದರೆ ಬಂಟರ ಕುಲನಾಮ, ಮನೆಮಾತು ತುಳು. ತುಳು ಮಾತಾಡುವ ಒಬ್ಬರು ಜಾಗವನ್ನೋ ಕಟ್ಟಡವನ್ನೋ ಕೊಟ್ಟು ಕನ್ನಡ ಶಾಲೆ ನಡೆಸಿದ್ದಾರೆ ಅಂತ ಆ ಫಲಕ ಹೇಳ್ತದೆ. ಅವರಿಗೆ ಕನ್ನಡ ಮಾತೃಭಾಷೆ ಅಲ್ಲ, ಆದರೂ ಅದಕ್ಕಾಗಿ ಕೊಟ್ಟರು. ಯಾಕೆ ಕೊಟ್ಟರು? ಚಿತ್ರದ ಶೀರ್ಷಿಕೆ ಎತ್ತಿದ ಈ ಪ್ರಶ್ನೆಯನ್ನು ಚಿತ್ರ ಕೇಳಲೇ ಇಲ್ಲ. ನ್ಯಾಯಾಲಯದಲ್ಲಿ ಕೇಳಿಸುವುದು ಮಾತೃಭಾಷೆಯ ವಾದ. ಆ ವಾದ ತಪ್ಪಲ್ಲ, ಆದರೆ ಅದು ರಾಮಣ್ಣ ರೈಯವರ ವಾದ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾಸರಗೋಡಿನ ಕನ್ನಡ ಹೋರಾಟದ ದೊಡ್ಡ ಹೆಸರು ಕಯ್ಯಾರ ಕಿಞ್ಞಣ್ಣ ರೈಗಳದು, ಅವರ ಮನೆಮಾತು ತುಳು, ತುಳುವಿನಲ್ಲೂ ಅವರು ಬರೆದರು. ಇಬ್ಬರೂ ಕನ್ನಡಕ್ಕೆ ಬಂದದ್ದು ತಾಯಿಯ ಮೂಲಕ ಅಲ್ಲ. ಮನೆಯ ಭಾಷೆಯನ್ನು ಬಿಡದೆ, ಹತ್ತು ಮನೆಯವರು ಕೂಡುವ ಜಾಗಕ್ಕೆ ಒಂದು ಭಾಷೆ ಬೇಕು ಅಂತ ಬಂದರು. ಕಾಸರಗೋಡಿನ ಕನ್ನಡದ ಹೆಚ್ಚುಗಾರಿಕೆ ಇದು ಅಂತ ನನಗೆ ಅನ್ನಿಸ್ತದೆ: ಅದು ಹುಟ್ಟಿನಿಂದ ಬಂದದ್ದಕ್ಕಿಂತ ಕೂಡಿ ಬಾಳುವುದರಿಂದ ಬಂದದ್ದು ಜಾಸ್ತಿ. ಶಾಲೆ ಮುಚ್ಚಿದರೆ ಹೋಗುವುದೂ ಇದೇ. ಮನೆಮಾತು ಮನೆಯಲ್ಲಿ ಉಳೀಬಹುದು. ಹತ್ತು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಆಡ್ತಿದ್ದ ಭಾಷೆಗೆ ಶಾಲೆ ಬಿಟ್ಟರೆ ಬೇರೆ ಮನೆ ಇಲ್ಲ.

ಹೊಳೆಯ ಆಚೆಯ ಕ್ಯಾಮೆರಾ

ಮಲಯಾಳ ಸಿನಿಮಾ ನಮ್ಮ ಜಿಲ್ಲೆಯನ್ನು ಬೇರೆ ಥರ ಕಂಡಿದೆ. 2017ರ ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ನನಗೆ ತುಂಬಾ ಇಷ್ಟದ ಚಿತ್ರ. ಜಾತಿ ಬಿಟ್ಟು ಮದುವೆಯಾದ ಗಂಡ ಹೆಂಡತಿ ದಕ್ಷಿಣದಿಂದ ಕಾಸರಗೋಡಿಗೆ ಬದುಕು ಕಟ್ಟಲು ಬರ್ತಾರೆ. ಬಸ್ಸಿನಲ್ಲಿ ಕಳ್ಳನೊಬ್ಬ ಅವಳ ತಾಳಿಸರ ಕದ್ದು ನುಂಗಿಬಿಡ್ತಾನೆ. ಆಮೇಲೆ ಎಲ್ಲ ಪೊಲೀಸ್ ಠಾಣೆಯಲ್ಲಿ. ಕಳ್ಳ ತನ್ನ ಹೆಸರು ಕೇಳಿದಾಗ ಎದುರಿಗಿರುವ ಗಂಡನ ಹೆಸರನ್ನೇ ಹೇಳ್ತಾನೆ, ಹೆಸರನ್ನೂ ಕದ್ದ ಹಾಗೆ. ಫಹಾದ್ ಫಾಸಿಲ್ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಠಾಣೆಯ ಪೊಲೀಸರ ಪಾತ್ರ ಮಾಡಿದವರಲ್ಲಿ ನಿಜವಾದ ಪೊಲೀಸರೂ ಇದ್ದಾರೆ, ಅದು ನಡಿಗೆಯಲ್ಲೇ ಗೊತ್ತಾಗ್ತದೆ.

ಈ ಚಿತ್ರಕ್ಕೆ ಕಾಸರಗೋಡು ಅಂದರೆ ಒಣ ನೆಲ, ನೀರಿಲ್ಲದ ಗುಡ್ಡ, ದೂರದ ಊರು. ದಕ್ಷಿಣದಿಂದ ಬಂದವರ ಕಣ್ಣಿಗೆ ಹಾಗೇ ಕಾಣಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಕಥೆಯ ಠಾಣೆ ಇರುವ ಊರಿನ ಹೆಸರು ಶೇಣಿ. ಆ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಶೇಣಿ ಗೋಪಾಲಕೃಷ್ಣ ಭಟ್ಟರು, ತಾಳಮದ್ದಳೆಯ ಅರ್ಥಗಾರಿಕೆ, ರಾತ್ರಿಯಿಡೀ ಹರಿಯುವ ಕನ್ನಡ. ಒಂದೇ ಊರಿನ ಹೆಸರು ಒಬ್ಬರಿಗೆ ಮಾತಿನ ಸಮುದ್ರ, ಇನ್ನೊಬ್ಬರಿಗೆ ಬರಡು ಗುಡ್ಡ. ಇದನ್ನು ನಾನು ದೂರಾಗಿ ಹೇಳ್ತಾ ಇಲ್ಲ. ಮಲಯಾಳದ ನಿರ್ದೇಶಕ ಇಲ್ಲಿ ಕನ್ನಡವನ್ನು ವೈರಿ ಮಾಡಲಿಲ್ಲ, ಅವನಿಗೆ ಅದು ಕೇಳಿಸಲೇ ಇಲ್ಲ. ನಮ್ಮವರು ಮಲಯಾಳವನ್ನು ಕೇಳಿಸಿಕೊಂಡರು, ಆದರೆ ನಗೆಗೆ ಇಟ್ಟರು. ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ.

2022ರ 'ನ್ನಾ ತಾನ್ ಕೇಸ್ ಕೊಡ್' ಬಗ್ಗೆ ಹೆಚ್ಚು ಹೇಳಬೇಕು. ನಿರ್ದೇಶಕರು ರತೀಶ್ ಬಾಲಕೃಷ್ಣನ್ ಪೊದುವಾಳ್. ಕಳ್ಳತನ ಬಿಟ್ಟ ರಾಜೀವನ್ ಒಂದು ರಾತ್ರಿ ಶಾಸಕರ ಮನೆಯ ಗೋಡೆ ಹಾರಿದಾಗ ನಾಯಿ ಕಚ್ಚುತ್ತದೆ. ಕದಿಯಲು ಹಾರಿದ್ದಲ್ಲ, ರಸ್ತೆಯ ಹೊಂಡ ತಪ್ಪಿಸಲು ಹೋದ ರಿಕ್ಷಾ ಮೈಮೇಲೆ ಬಂದದ್ದಕ್ಕೆ ಹಾರಿದ್ದು, ಆ ಹೊಂಡಕ್ಕೆ ಮಂತ್ರಿಯೇ ಹೊಣೆ ಅಂತ ಅವನು ನ್ಯಾಯಾಲಯದಲ್ಲಿ ತಾನೇ ವಾದ ಮಾಡ್ತಾನೆ. ವರ್ಷಗಳು ಕಳೆಯುವುದನ್ನು ಪೆಟ್ರೋಲ್ ದರ ಏರುವುದರ ಮೂಲಕ ತೋರಿಸಿದ್ದಾರೆ. ಮ್ಯಾಜಿಸ್ಟ್ರೇಟ್ ಆಗಿ ನಟಿಸಿದ ಪಿ.ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯ ನಿವೃತ್ತ ಅಧ್ಯಾಪಕರು, ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂತು.

ಈಗ ಎರಡು ನ್ಯಾಯಾಲಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 'ಶಾಲೆ'ಯ ನ್ಯಾಯಾಲಯದಲ್ಲಿ ಮೈಸೂರಿನಿಂದ ಬಂದ ಹಿರಿಯರು ಕಾಸರಗೋಡಿನವರ ಪರವಾಗಿ ಶಿಷ್ಟ ಕನ್ನಡದಲ್ಲಿ ಮಾತಾಡ್ತಾರೆ. ಅನಂತ ನಾಗ್ ಅವರ ಮಾತು ಕೇಳಲು ಚಂದವೇ. ಆದರೆ ಊರಿನವರು ಕೇಳುವವರಾಗಿ ಕೂತಿರ್ತಾರೆ, ಕೊನೆಗೆ ಚಪ್ಪಾಳೆ ತಟ್ತಾರೆ. 'ಕೇಸ್ ಕೊಡ್' ನ್ಯಾಯಾಲಯದಲ್ಲಿ ಊರಿನವರು ಒಬ್ಬೊಬ್ಬರೇ ಕಟಕಟೆಗೆ ಬಂದು ತಮ್ಮ ಹಳ್ಳಿಯ ಮಲಯಾಳದಲ್ಲೇ ಸಾಕ್ಷಿ ಹೇಳ್ತಾರೆ. ರಾಜೀವನ ಸಂಗಾತಿ ದೇವಿ ತಮಿಳಿನವಳು, ಅವಳನ್ನು ಯಾರೂ ಪರಕೀಯಳಾಗಿ ನೋಡುವುದಿಲ್ಲ. ಒಂದು ಕಾಲದಲ್ಲಿ ಮಲಯಾಳ ಸಿನಿಮಾದಲ್ಲೂ ಉತ್ತರದ ಉಪಭಾಷೆ ನಗೆಯ ಸರಕು. ಇಲ್ಲಿ ಅದೇ ಭಾಷೆಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಮಂತ್ರಿಯನ್ನು ಪ್ರಶ್ನಿಸ್ತಾನೆ, ನಗು ಮಂತ್ರಿಯ ಕಡೆಗೆ ತಿರುಗ್ತದೆ. ಸಿನಿಮಾ ಒಂದು ಊರನ್ನು ಗೌರವಿಸುವುದು ಅಂದರೆ ನನ್ನ ಪ್ರಕಾರ ಇದು. ಆ ಊರಿನ ಪರವಾಗಿ ಬೇರೆಯವರು ಮಾತಾಡುವುದಕ್ಕಿಂತ ಆ ಊರಿನವರ ಮಾತೇ ಸಾಕು ಅಂತ ನಂಬುವುದು.

ಆದರೆ ಅಲ್ಲಿಯ ಕಾಸರಗೋಡು ಚಂದ್ರಗಿರಿಯ ತೆಂಕು ಬದಿಯದು, ಚೀಮೇನಿ ಕಡೆಯದು. ಹೊಳೆಯ ಬಡಗು ಬದಿಗೆ ಇಂಥ ಸಿನಿಮಾ ಇನ್ನೂ ಬಂದಿಲ್ಲ.

ಒಬ್ಬ ನಿರ್ದೇಶಕರ ಉದಾಹರಣೆ ಕೊಡ್ತೇನೆ. ಕಾಞಂಗಾಡಿನ ಸೆನ್ನ ಹೆಗ್ಡೆ 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದರು. 2021ರಲ್ಲಿ ಮಲಯಾಳದಲ್ಲಿ 'ತಿಂಗಳಾಳ್ಚ ನಿಶ್ಚಯಂ' ಮಾಡಿದರು, ಅದು ಕಾಞಂಗಾಡಿನ ಒಂದೇ ಮನೆಯಲ್ಲಿ ನಿಶ್ಚಿತಾರ್ಥದ ಮುಂಚಿನ ಗಲಾಟೆಯ ಕಥೆ. ಮನೆಯ ಯಜಮಾನನ ಸರ್ವಾಧಿಕಾರವನ್ನು ಅಷ್ಟು ಚೆನ್ನಾಗಿ ನಗುತ್ತಾ ತೋರಿಸಿದ ಚಿತ್ರ ನಾನು ಇತ್ತೀಚೆಗೆ ನೋಡಿಲ್ಲ. ಎರಡು ಭಾಷೆಯಲ್ಲೂ ಸಿನಿಮಾ ಮಾಡಬಲ್ಲ ಮನುಷ್ಯ ನಮ್ಮ ಜಿಲ್ಲೆಯಲ್ಲೇ ಇದ್ದಾರೆ, ಆದರೆ ಆ ಎರಡೂ ಭಾಷೆ ಒಂದೇ ಸಿನಿಮಾದಲ್ಲಿ ಕೂಡಿ ಬರುವುದಿಲ್ಲ. ಇದು ಅವರ ಕೊರತೆ ಅಲ್ಲ. ಮಾರುಕಟ್ಟೆ ಹಾಗುಂಟು: ಒಂದು ಚಿತ್ರಕ್ಕೆ ಒಂದು ಭಾಷೆ, ಒಂದು ರಾಜ್ಯದ ಸಬ್ಸಿಡಿ, ಒಂದು ವಿಭಾಗದ ಪ್ರಶಸ್ತಿ. ನಮ್ಮ ಊರಿನ ಒಂದು ಬಸ್ಸಿನಲ್ಲಿ ಟಿಕೆಟ್ ತೆಗೆಯುವುದು ಮಲಯಾಳದಲ್ಲಿ, ಪಕ್ಕದವರ ಹತ್ತಿರ ಮಾತು ತುಳುವಿನಲ್ಲಿ, ಓದುವ ಪತ್ರಿಕೆ ಕನ್ನಡದಲ್ಲಿ. ಅದನ್ನು ಹಾಗೇ ತೆಗೆದರೆ ಆ ಸಿನಿಮಾ ಯಾವ ಭಾಷೆಯದು ಅಂತ ಅರ್ಜಿಯಲ್ಲಿ ಬರೆಯುವುದು?

ಮನೆಯ ಟಿವಿ

ಧಾರಾವಾಹಿಯ ಬಗ್ಗೆ ಸ್ವಲ್ಪ. ಗಡಿನಾಡಿನಲ್ಲಿ ಕನ್ನಡವನ್ನು ದಿನಾ ಮನೆಯೊಳಗೆ ತಂದು ಹಾಕುವುದು ಶಾಲೆ, ಪತ್ರಿಕೆಗಳಷ್ಟೇ ಅಲ್ಲ, ಸಂಜೆಯ ಧಾರಾವಾಹಿಯೂ ಹೌದು. ಉಮಾಶ್ರೀಯವರ 'ಪುಟ್ಟಕ್ಕನ ಮಕ್ಕಳು' 2021ರ ಡಿಸೆಂಬರಿನಲ್ಲಿ ಶುರುವಾದಾಗ ತುಳು ಮಾತಾಡುವ ನಮ್ಮ ಅಜ್ಜಿ ಮಂಡ್ಯದ ಕಡೆಯ ಮಾತನ್ನು ಗಮನ ಇಟ್ಟು ಕೇಳ್ತಿದ್ದರು. ಗಂಡ ಬಿಟ್ಟು ಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣು ಮಕ್ಕಳನ್ನು ಸಾಕುವ ತಾಯಿಯ ಕಥೆ ಅದು, ಭಾಷೆ ದೂರದ್ದಾದರೂ ಕಷ್ಟ ಹತ್ತಿರದ್ದು. ಉಮಾಶ್ರೀಯವರ ಮಾತಿನ ಜೋರು, ಅಳು ನುಂಗುವ ರೀತಿ ನಿಜಕ್ಕೂ ಚಂದ. ಕಥೆ ಆಮೇಲಾಮೇಲೆ ಎಲ್ಲ ಧಾರಾವಾಹಿಗಳ ಹಾಗೆ ಎಳೆದದ್ದು ಬೇರೆ ಮಾತು.

ಮಂಡ್ಯದ ಕನ್ನಡ ಹೀಗೆ ತಾಯಿಯ ಪಾತ್ರಕ್ಕೆ ಬರಬಹುದು. ನಮ್ಮ ಕರಾವಳಿಯ ಕನ್ನಡ ಟಿವಿಗೆ ಬಂದರೆ ಬಹುಪಾಲು ಅಡುಗೆ ಭಟ್ಟರಾಗಿ ಅಥವಾ ಹಾಸ್ಯ ಕಾರ್ಯಕ್ರಮದ ತುಣುಕಾಗಿ ಬರ್ತದೆ. 'ಎಂತ ಮಾರಾಯ್ರೇ' ಅಂದರೆ ಸಾಕು, ನಗೆ ತಯಾರು. ನಾವು ದುಃಖದಲ್ಲೂ ಹಾಗೇ ಮಾತಾಡ್ತೇವೆ ಅಂತ ಬರೆಯುವವರಿಗೆ ಹೊಳೆಯುವುದಿಲ್ಲವೋ ಏನೋ.

2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂತು. ದಶಕಗಳ ಕಾಲ ಡಬ್ಬಿಂಗಿಗೆ ಇದ್ದ ವಿರೋಧ ಅಷ್ಟರಲ್ಲಿ ಸಡಿಲವಾಗಿತ್ತು. ಆ ಗ್ರಾಂಥಿಕ ಕನ್ನಡ ಕೃತಕ ಅಂತ ಕೆಲವರು ದೂರಿದರು. ನಮ್ಮ ಮನೆಯಲ್ಲಿ ಅದು ಕೃತಕ ಅನ್ನಿಸಲಿಲ್ಲ, ಯಾಕಂದ್ರೆ ಪುರಾಣದವರು ಅಂಥ ಕನ್ನಡ ಮಾತಾಡುವುದನ್ನು ಆಟದಲ್ಲಿ ನೋಡಿಯೇ ನಾವು ಬೆಳೆದದ್ದು. ಅಜ್ಜಿಗೆ ಇದ್ದ ದೂರು ಒಂದೇ: "ಈ ಕೃಷ್ಣ ಒಂದು ಮಾತು ಹೇಳಿ ನಿಲ್ಲಿಸಿಬಿಡ್ತಾನೆ, ಎದುರಿನವ ಕೇಳಿದ್ದಕ್ಕೆ ಜವಾಬು ಕೊಡುದಿಲ್ಲ." ತಾಳಮದ್ದಳೆ ಕೇಳಿದ ಕಿವಿಯ ವಿಮರ್ಶೆ ಇದು. ಮನೆಮಾತು ತುಳುವಾದ ಒಬ್ಬ ಮುದುಕಿ ಕನ್ನಡದ ಸಂಭಾಷಣೆಯನ್ನು ಇಷ್ಟು ಖಚಿತವಾಗಿ ತೂಗ್ತಾರೆ ಅಂದರೆ ಆ ಭಾಷೆ ಅವರದ್ದಲ್ಲ ಅಂತ ಹೇಳಲಿಕ್ಕೆ ಯಾವ ದಾಖಲೆಗೂ ಆಗುವುದಿಲ್ಲ.

ಸುಲೋಚನಾಳ ದನಿ

ಕೊನೆಯ ಚಿತ್ರ 2025ರ 'ಸು ಫ್ರಮ್ ಸೋ'. ಬರೆದು ನಿರ್ದೇಶಿಸಿ ಅಶೋಕನ ಪಾತ್ರವನ್ನೂ ಮಾಡಿದವರು ಜೆ.ಪಿ. ತೂಮಿನಾಡು. ತೂಮಿನಾಡು ಮಂಜೇಶ್ವರದ ಕಡೆಯ ಊರು. ಇದರಲ್ಲಿ ನಟಿಸಿದ ಪ್ರಕಾಶ್ ತೂಮಿನಾಡು 'ಶಾಲೆ'ಯಲ್ಲೂ ಇದ್ದಾರೆ. ತುಳು ರಂಗಭೂಮಿಯಲ್ಲಿ ಪಳಗಿದವರು ಇವರು. ಚಿತ್ರದಲ್ಲಿ ಗಡಿ ಇಲ್ಲ, ಕೇರಳ ಇಲ್ಲ, ಭಾಷೆಯ ಪ್ರಶ್ನೆ ಇಲ್ಲ. ಮರ್ಲೂರು ಅಂತ ಒಂದು ಊರು, ಅಲ್ಲಿ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುತ್ತದೆ. ರವಿಯಣ್ಣ ಮುಂದೆ ನಿಂತು ಎಲ್ಲ ನಡೆಸ್ತಾನೆ. ರಾಜ್ ಬಿ. ಶೆಟ್ಟಿಯವರ ಕರುಣಾಕರ ಗುರೂಜಿ ಬಂದ ಮೇಲೆ ಕೇಳುವುದೇ ಬೇಡ.

ಗಡಿಯ ಹೆಸರೇ ಎತ್ತದ ಈ ಚಿತ್ರವನ್ನು ನಾನು ಯಾಕೆ ಇಲ್ಲಿ ತಂದೆ? ನಮ್ಮ ಕನ್ನಡ ಹೇಗೆ ಉಂಟೋ ಹಾಗೆ ಕೇಳಿದ್ದು ನಾನು ಇದರಲ್ಲಿ. ಆ ಪಾತ್ರಗಳು ಕನ್ನಡ ಮಾತಾಡ್ತವೆ, ಒಳಗೆ ತುಳುವಿನ ಲಯ ಓಡ್ತಾ ಇರ್ತದೆ. ಯಾರೂ ಅದಕ್ಕೆ ವಿವರಣೆ ಕೊಡುವುದಿಲ್ಲ. ನಗು ಭಾಷೆಯಿಂದ ಹುಟ್ಟುವುದಿಲ್ಲ. ಹೆದರಿಕೆಯಿಂದ, ಒಣಜಂಭದಿಂದ, ಒಬ್ಬರ ಮೇಲೊಬ್ಬರಿಗಿರುವ ಸಲಿಗೆಯಿಂದ ಹುಟ್ಟುತ್ತದೆ. 2022ರಲ್ಲಿ 'ಕಾಂತಾರ' ಕುಂದಾಪುರದ ಕನ್ನಡವನ್ನು ನಾಯಕನ ಬಾಯಿಗೆ ಕೊಟ್ಟು ದೇಶವಿಡೀ ಓಡಿತ್ತು. ಅದಕ್ಕೆ ದೈವದ ಬೆಂಬಲ, ಕಾಡಿನ ಬೆಂಬಲ ಇತ್ತು. ಇಲ್ಲಿ ಅದೂ ಬೇಡ. ಸಾಮಾನ್ಯ ಜನ, ಸಾಮಾನ್ಯ ಮಾತು.

ಸುಲೋಚನಾಳ ಮಗಳು ಭಾನು ಬಂದ ಮೇಲೆ ಚಿತ್ರದ ನಗು ತಗ್ಗುತ್ತದೆ. ತಮಾಷೆಗೆ ಎತ್ತಿಕೊಂಡ ಹೆಸರಿನ ಹಿಂದೆ ಒಬ್ಬ ನಿಜವಾದ ಹೆಂಗಸು, ಅವಳ ಮಗಳ ಕಷ್ಟ ಇತ್ತು ಅಂತ ಊರಿಗೆ ಗೊತ್ತಾಗ್ತದೆ. ದ್ವಿತೀಯಾರ್ಧ ಸ್ವಲ್ಪ ಅವಸರದಲ್ಲಿ ಮುಗೀತು, ಭಾನುವಿಗೆ ಇನ್ನಷ್ಟು ಮಾತು ಬೇಕಿತ್ತು ಅಂತ ನನ್ನ ಅಭಿಪ್ರಾಯ. ಆದರೂ 'ಶಾಲೆ'ಯ ಮಾಷ್ಟ್ರಿಗೆ ಸಿಗದ ಒಂದು ನ್ಯಾಯ ಸುಲೋಚನಾಳಿಗೆ ಇಲ್ಲಿ ಸಿಕ್ಕಿತು. ನಕ್ಕವರೇ ತಿರುಗಿ ನಿಂತು ಅವಳ ಮನೆಯ ಕಡೆ ನೋಡಿದರು.

ಚಿತ್ರ ಮಲಯಾಳಕ್ಕೂ ಡಬ್ ಆಗಿ ಕೇರಳದಲ್ಲಿ ಬಂತು. ಆಗ ನಮ್ಮ ಜಿಲ್ಲೆಯಲ್ಲಿ ಒಂದು ವಿಚಿತ್ರ ಸ್ಥಿತಿ: ಕಾಸರಗೋಡು ಜಿಲ್ಲೆಯವರೇ ಬರೆದ ಕನ್ನಡ ಮಾತು ಕೇರಳಕ್ಕೆ ಅನುವಾದವಾಗಿ ಬರ್ತದೆ, ಎರಡನ್ನೂ ಅನುವಾದ ಇಲ್ಲದೆ ತಿಳಿಯಬಲ್ಲವರು ನಡುವೆ ಕೂತಿರ್ತಾರೆ. ಈ ನಡುವೆ ಕೂತವರಿಗೆ ಇನ್ನೂ ಒಂದು ಸಿನಿಮಾ ಆಗಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಗಡಿನಾಡಿನ ಸಿನಿಮಾ, ಕಥೆ, ಕಾದಂಬರಿ ಯಾವುದನ್ನು ಓದುವಾಗಲೂ 'ಇದರಲ್ಲಿ ಕನ್ನಡದ ಸಂಕಟ ಎಷ್ಟುಂಟು' ಅಂತ ಮಾತ್ರ ಅಳೆಯುವುದು ಬೇಡ. ಕನ್ನಡದ ಪಕ್ಕದಲ್ಲಿ ಕೂತ ಭಾಷೆಯವರನ್ನು ಅದು ಹೇಗೆ ಕಂಡಿದೆ ಅಂತಲೂ ನೋಡುವ. ನಮ್ಮ ಶಾಲೆಗಳಿಗೆ ಮಕ್ಕಳು ಬರಬೇಕಾದರೆ ತುಳು, ಬ್ಯಾರಿ, ಮಲಯಾಳ, ಕೊಂಕಣಿ ಮನೆಗಳಿಂದಲೇ ಬರಬೇಕು. ಆ ಮನೆಯವರನ್ನು ತೆರೆಯ ಮೇಲೆ ನಗೆಪಾಟಲು ಮಾಡಿ, ಆಮೇಲೆ ಶಾಲೆ ಉಳಿಸಿ ಅಂದರೆ ಯಾರು ಬರ್ತಾರೆ? ಇಷ್ಟು ಹೇಳಿ ನಿಲ್ಲಿಸ್ತೇನೆ. ನಮಸ್ಕಾರ.

ಸಂವಾದದಿಂದ

ಪ್ರಶ್ನೆ (ಅಕ್ಕಲಕೋಟೆಯ ಕಡೆಯ ಸಂಶೋಧನಾ ವಿದ್ಯಾರ್ಥಿ): ನಮ್ ಕಡೀ ಸಿನಿಮಾ ಬಗ್ಗೆ ಏನೂ ಹೇಳಲಿಲ್ಲಲ್ರೀ? 'ಸೈರಾಟ್' ಸೊಲ್ಲಾಪುರ ಜಿಲ್ಲಾದ್ದೇ ಅಲ್ಲೇನು?

ಉತ್ತರ: ಹೌದು. ನಾಗರಾಜ ಮಂಜುಳೆಯವರ 'ಸೈರಾಟ್' 2016ರದ್ದು, ಕರಮಾಳಾ ಕಡೆಯ ಮರಾಠಿ. 2017ರಲ್ಲಿ ಅದು ಕನ್ನಡದಲ್ಲಿ 'ಮನಸು ಮಲ್ಲಿಗೆ' ಆಯಿತು, ರಿಂಕು ರಾಜಗುರು ಅವರೇ ನಾಯಕಿ. ಒಂದೇ ಜಿಲ್ಲೆಯಲ್ಲಿ ಮರಾಠಿ, ಕನ್ನಡ ಎರಡೂ ಇರುವಾಗ ಕನ್ನಡದ ಅವತರಣಿಕೆ ಅಕ್ಕಲಕೋಟೆಯ ಕನ್ನಡದಲ್ಲಿ ಬಂದಿದ್ದರೆ ಹೇಗಿರ್ತಿತ್ತು ಅಂತ ನನಗೆ ಆಸೆ. ಮೂಲದ ಶಕ್ತಿ ಇದ್ದದ್ದೇ ಆ ಮಣ್ಣಿನ ಮಾತಿನಲ್ಲಿ. ಇದರ ಬಗ್ಗೆ ನಿಮ್ಮಂಥವರು ಬರೆಯಬೇಕು, ಆ ಮಾತು ಕಿವಿಯಲ್ಲಿ ಇರುವವರು.

ಪ್ರಶ್ನೆ (ಅಧ್ಯಾಪಕರು): ನಿಮ್ಮ ವಾದದಲ್ಲಿ ಒಂದು ಅಪಾಯ ಇದೆ. ಕನ್ನಡ ನಮ್ಮ ಮಾತೃಭಾಷೆಯಲ್ಲ ಅಂತ ನಾವೇ ಹೇಳಿದರೆ, ಹಾಗಾದರೆ ಕನ್ನಡ ಶಾಲೆ ಯಾಕೆ ಅಂತ ಸರಕಾರ ಕೇಳೋದಿಲ್ವೆ? ಸಂವಿಧಾನದ 350ಎ ವಿಧಿ ಮಾತೃಭಾಷೆ ಅಂತಲೇ ಹೇಳ್ತದೆ.

ಉತ್ತರ: ಸರ್, ಅಪಾಯ ಇರುವುದು ನಿಜ. ಅದಕ್ಕೇ ಈ ಮಾತು ನಾವೇ ಮೊದಲು ಆಡಬೇಕು ಅಂತ ನನಗೆ ಅನ್ನಿಸ್ತದೆ. ಜನಗಣತಿಯಲ್ಲಿ ತುಳು, ಕೊಂಕಣಿ ಬೇರೆ ಬೇರೆಯೇ ಲೆಕ್ಕ ಆಗ್ತವೆ. ಕನ್ನಡ ಮಾತೃಭಾಷೆಯವರನ್ನು ಮಾತ್ರ ಎಣಿಸಿದರೆ ನಾವು ಇರುವುದಕ್ಕಿಂತ ಕಡಿಮೆ ಕಾಣ್ತೇವೆ, ಮುಚ್ಚಿಟ್ಟದ್ದರಿಂದ ಲಾಭ ಆಗಿಲ್ಲ. 350ಎ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆ ಹೇಳ್ತದೆ. ಅದು 1956ರಲ್ಲಿ, ನಾವು ಕೇರಳಕ್ಕೆ ಹೋದ ವರ್ಷವೇ, ಏಳನೇ ತಿದ್ದುಪಡಿಯಲ್ಲಿ ಸೇರಿದ್ದು. ಆದರೆ 29ನೇ ವಿಧಿ ಒಂದು ಜನವರ್ಗ ತನ್ನದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕಿನ ಬಗ್ಗೆ ಹೇಳ್ತದೆ. ತುಳುವರು, ಕೊಂಕಣಿಗರು ನಮ್ಮಲ್ಲಿ ತಮ್ಮ ಮನೆಮಾತನ್ನೂ ಬರೆಯುವುದು ಕನ್ನಡ ಲಿಪಿಯಲ್ಲಿ. ಯಕ್ಷಗಾನ ನಡೆಯುವುದು ಕನ್ನಡದಲ್ಲಿ. ಎರಡು ವಿಧಿಯನ್ನ ಒಟ್ಟಿಗೆ ಹಿಡಿದು ವಾದ ಮಾಡಿದರೆ ನಮ್ಮ ಪರ ಇರುವವರ ಸಂಖ್ಯೆ ಹೆಚ್ಚಾಗ್ತದೆ, ಕಡಿಮೆಯಾಗುವುದಿಲ್ಲ. ಕಾನೂನು ಓದಿದವರು ಇದನ್ನು ತಿದ್ದಿ ಬೆಳೆಸಬಹುದು. ಸಾಹಿತ್ಯದವರ ಕೆಲಸ ಆ ಜನ ಇದ್ದಾರೆ ಅಂತ ತೋರಿಸುವುದು.

ಪ್ರಶ್ನೆ (ಸಹಪಾಠಿ): ಹಾಗಾದ್ರೆ 'ಶಾಲೆ' ಸಿನಿಮಾವನ್ನು ಮಕ್ಕಳಿಗೆ ತೋರಿಸ್ಬೇಕಾ, ಬೇಡ್ವಾ?

ಉತ್ತರ: ತೋರಿಸ್ಬೇಕು. ತೋರಿಸಿದ ಮೇಲೆ ಒಂದು ಪ್ರಶ್ನೆ ಕೇಳಬೇಕು: ಆ ಗಣಿತದ ಮಾಷ್ಟ್ರು ಊರಿಗೆ ಹೋಗಿ ಅವರ ಮನೆಯಲ್ಲಿ ಏನಂತ ಹೇಳಿರಬಹುದು? ಮಲಯಾಳ ಬಲ್ಲ ಮಗು ತರಗತಿಯಲ್ಲಿ ಒಂದಾದರೂ ಇರ್ತದೆ. ಅದು ಎದ್ದು ನಿಂತು ಅವರ ಮಾತನ್ನು ಹೇಳಲಿ, ಉಳಿದವರು ಅದನ್ನು ಕನ್ನಡದಲ್ಲಿ ಬರೆಯಲಿ.